ಸೌದೆ ಇದ್ದ ಊರಿನ ನೀರು, ಸೌದೆ ಇಲ್ಲದ ಊರಿನ ನೀರು

ನಮ್ಮವ್ವ ಮೊದಲ ಸಲ ಕಾಸರಗೋಡಿನ ಪೆರ್ಲದ ಮನೆಗೆ ಬಂದಾಗ ನಮ್ಮ ಅತ್ತೆ ಜಗಲಿಗೇ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ಕೊಟ್ಟರು. ಅವ್ವ ಚೊಂಬು ಮುಟ್ಟಿದವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನೀರು ಬೆಚ್ಚಗಿತ್ತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಯಾಕಪ್ಪಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ನಮ್ಮೂರಲ್ಲಿ ಬಿಸಿನೀರು ಕುಡಿಯುವವರು ಜ್ವರ ಬಂದವರು, ಬಾಣಂತಿಯರು. ಮಿಕ್ಕವರಿಗೆಲ್ಲ ಮಡಕೆಯ ತಣ್ಣೀರು. ಬಿಸಿಲಲ್ಲಿ ಬಂದ ನೆಂಟರಿಗೆ ಬೆಚ್ಚಗಿನ ನೀರು ಕೊಟ್ಟರೆ ಮರ್ಯಾದೆ ಕೊಟ್ಟಂತಲ್ಲ. ಇಲ್ಲಿ ಹಾಗಲ್ಲ. ಕುದಿಸಿ ಆರಿಸಿದ ನೀರೇ ಮರ್ಯಾದೆ. ಮದುವೆ ಊಟಕ್ಕೆ ಹೋದರೆ ಜೀರಿಗೆ ಹಾಕಿ ಕುದಿಸಿದ ನೀರು. ಹೋಟೆಲಿಗೆ ಹೋದರೆ ಪದಿಮುಗಂ ಅನ್ನುವ ಮರದ ಚಕ್ಕೆ ಹಾಕಿದ ನಸುಗೆಂಪು ನೀರು. ಶಾಲೆಗೆ ಹೋಗುವ ಮಕ್ಕಳ ಬಾಟಲಿಯಲ್ಲೂ ಅದೇ.

ನನ್ನ ಊರು ಚಳ್ಳಕೆರೆ ತಾಲ್ಲೂಕು, ಪರಶುರಾಂಪುರದ ಕಡೆ. ಬ್ಯಾಂಕಿನ ಕೆಲಸ ಸಿಕ್ಕಿ 2004ರಲ್ಲಿ ಕಾಸರಗೋಡಿಗೆ ಬಂದೆ. ಇಲ್ಲಿಯವಳನ್ನೇ ಮದುವೆಯಾದೆ, ಇಲ್ಲೇ ಉಳಿದೆ. ನಮ್ಮ ಮಾವ ತಮ್ಮನ್ನು ಹೊರನಾಡಿನವರು ಅಂತ ಕರೆದರೆ ಒಪ್ಪುವುದಿಲ್ಲ. ಅವರು ಎಲ್ಲಿಗೂ ಹೋದವರಲ್ಲ, 1956ರಲ್ಲಿ ರಾಜ್ಯದ ಗೆರೆ ಅವರ ತೋಟದ ಆಚೆ ಬಿತ್ತು, ತೋಟ ಕೇರಳಕ್ಕೆ ಸೇರಿತು, ಅಷ್ಟೆ. ಹಾಗಾಗಿ ಈ ಮನೆಯಲ್ಲಿ ಹೊರನಾಡ ಕನ್ನಡಿಗ ಅಂದರೆ ನಾನೊಬ್ಬನೇ.

ಬಂದ ಹೊಸತರಲ್ಲಿ ನಾನೂ ಎಲ್ಲರ ಹಾಗೆ ಮಾತಾಡುತ್ತಿದ್ದೆ. ಊರಿಗೆ ಹೋದಾಗಲೆಲ್ಲ ಅಣ್ಣನಿಗೆ, ಅತ್ತಿಗೆಗೆ ಒಂದೇ ಪಾಠ. "ಕಾಸರಗೋಡಿನವರು ನೋಡಿ, ನೀರು ಕುದಿಸಿಯೇ ಕುಡೀತಾರೆ. ನಿಮಗೆ ಏನು ಕಷ್ಟ?" ಅತ್ತಿಗೆ ಎರಡು ಮೂರು ಸಲ ಸುಮ್ಮನಿದ್ದರು. ಆಮೇಲೆ ಒಂದು ದಿನ ಕೈ ಹಿಡಿದು ಎಳೆದುಕೊಂಡು ಹೋಗಿ ಹಿತ್ತಿಲ ಸೌದೆ ರಾಶಿ ತೋರಿಸಿದರು. ಒಂದು ಹೊರೆ ಬಳ್ಳಾರಿ ಜಾಲಿ, ಅದರ ಮೇಲೆ ಒಂದಿಷ್ಟು ತೊಗರಿ ಕಡ್ಡಿ, ಪಕ್ಕದಲ್ಲಿ ಬೆರಣಿ. "ಇದು ವಾರಕ್ಕೆ. ಇದರಲ್ಲಿ ಮುದ್ದೆ ಬೇಯಿಸಲೋ, ನಿಮ್ಮ ನೀರು ಕುದಿಸಲೋ?" ಅವರ ಕೈಯಲ್ಲಿ ಜಾಲಿಮುಳ್ಳು ತರಚಿದ ಗೆರೆಗಳಿದ್ದವು.

ಆ ದಿನ ನನಗೆ ಅರ್ಥವಾದದ್ದನ್ನೇ ಇಲ್ಲಿ ಹೇಳಬೇಕು ಅಂತ ಕೂತಿದ್ದೇನೆ. ಹಳ್ಳಿಯವರ ಅಭ್ಯಾಸ ಒಳ್ಳೆಯದು, ಕೆಟ್ಟದ್ದು ಅನ್ನುವ ಮುಂಚೆ ಅವರ ಸೌದೆ ರಾಶಿ ನೋಡಬೇಕು. ನೀರು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ನೋಡಬೇಕು. ಮನೆಗೂ ಮನೆಗೂ ನಡುವೆ ಎಷ್ಟು ಜಾಗ ಇದೆ ನೋಡಬೇಕು. ಕಾಸರಗೋಡಿನ ತೋಟದ ಮನೆಯಲ್ಲಿ ಸೌದೆಗೆ ಬರವೇ ಇಲ್ಲ. ತೆಂಗಿನ ಮಡಲು ತಾನಾಗಿ ಬೀಳುತ್ತದೆ. ಕೊತ್ತಳಿಗೆ, ಗೆರಟೆ, ಕಾಯಿಸಿಪ್ಪೆ, ಅಡಿಕೆ ಸೋಗೆ, ಎಲ್ಲವೂ ಒಲೆಗೇ. ಬೆಳಿಗ್ಗೆ ಒಲೆ ಹೊತ್ತಿಸಿದರೆ ಗಂಜಿಯ ಪಾತ್ರೆ ಇಳಿಸಿದ ಮೇಲೂ ಕೆಂಡ ಉಳಿದಿರುತ್ತದೆ. ಅದರ ಮೇಲೆ ನೀರಿನ ಪಾತ್ರೆ ಇಟ್ಟರೆ ಆಯಿತು, ಬೇರೆ ಖರ್ಚಿಲ್ಲ. ನಮ್ಮತ್ತೆಯ ಒಳ್ಳೆ ಅಭ್ಯಾಸದ ಹಿಂದೆ ಒಂದು ತೆಂಗಿನ ತೋಟ ಇದೆ. ನಮ್ಮತ್ತಿಗೆಯ ಹಿಂದೆ ಅದು ಇಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ನಮ್ಮೂರ ನೀರಿಗೆ ಕುದಿಸುವುದು ಮದ್ದೇ ಅಲ್ಲ. ನಮ್ಮದು ಆಳದ ಬೋರ್‌ವೆಲ್ ನೀರು, ಬಂಡೆಯೊಳಗಿನದು. ಅದರಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಅಂತ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ. ದೊಡ್ಡವರ ಸೊಂಟ, ಮೊಣಕಾಲು ಬಿಗಿಯುತ್ತವೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಜಾಸ್ತಿಯಾಗುತ್ತದೆ. ನಾನು ಅಷ್ಟು ವರ್ಷ ಕೊಟ್ಟ ಉಪದೇಶ ಅರ್ಧ ತಪ್ಪೇ ಆಗಿತ್ತು. ನಮ್ಮವ್ವ ಕೆಳಗೆ ಕೂತರೆ ಏಳಲು ಗೋಡೆ ಹಿಡಿಯುತ್ತಾಳೆ. ನನ್ನ ಮುಂದಿನ ಎರಡು ಹಲ್ಲಿನ ಮೇಲೂ ಆ ಕಂದು ಕಲೆ ಇದೆ. ಇಲ್ಲಿ ಬ್ಯಾಂಕಿಗೆ ಬರುವವರು ಮೊದಮೊದಲು ಬೀಡಿ ಸೇದುವ ಹಲ್ಲು ಅಂದುಕೊಂಡಿದ್ದರು.

ಈಗ ಅಲ್ಲಿ ಶುದ್ಧ ನೀರಿನ ಘಟಕ ಬಂದಿದೆ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ಕುಡಿಯಲು ಆ ನೀರು ತರುತ್ತಾರೆ. ಆದರೆ ಅಡಿಗೆಗೆ ಈಗಲೂ ಬೋರ್ ನೀರೇ. ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು ಎಲ್ಲ ಅದರಲ್ಲೇ. ಕುಡಿಯುವ ನೀರು ಬದಲಾಗಿದೆ, ಉಣ್ಣುವ ನೀರು ಬದಲಾಗಿಲ್ಲ. ಇದನ್ನು ಊರಲ್ಲಿ ಯಾರೂ ಬಂದು ಬಿಡಿಸಿ ಹೇಳಿಲ್ಲ.

ಕಾಸರಗೋಡಿನ ನೀರು ಹುಟ್ಟಿನಿಂದಲೇ ಶುದ್ಧ ಅಂತಲೂ ತಿಳಿಯಬೇಡಿ. ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಮನೆಗೊಂದು ಬಾವಿ. ಗುಡ್ಡದ ಬದಿಯ ಮನೆಗಳಿಗೆ ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಆಳು ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆದ ದಾರಿ ಅದು. ಒಳಗಿಂದ ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ನಮ್ಮೂರಲ್ಲಿ ಎಂಟುನೂರು ಅಡಿ ಕೊರೆದರೂ ಧೂಳೆದ್ದ ಬೋರ್ ನೋಡಿದವನು ನಾನು. ಆದರೆ ಅದೇ ಮುರಕಲ್ಲು ಸಾವಿರ ರಂಧ್ರದ ಕಲ್ಲು. ಮಳೆ ಬಿದ್ದರೆ ಪಾಯಿಖಾನೆ ಗುಂಡಿಯ ನೀರು ಬಾವಿಗೆ ಇಳಿಯಲು ಹೆಚ್ಚು ಹೊತ್ತು ಬೇಡ. ಕುಡಿಯುವ ನೀರಿನ ಬಾವಿಯಿಂದ ಗುಂಡಿ 7.5 ಮೀಟರ್ ದೂರ ಇರಬೇಕು ಅಂತ ಇಲ್ಲಿಯ ಕಟ್ಟಡ ನಿಯಮ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರು, ಪಕ್ಕದವರ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿದು, ಆ ದೂರ ಎಲ್ಲಿಂದ ತರಬೇಕು? ಅದಕ್ಕೇ ಕುದಿಸುವುದು ಇಲ್ಲಿ ಬರೀ ಮರ್ಯಾದೆಯ ಮಾತಲ್ಲ.

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ನಾನು ಆಶಾ ಕಾರ್ಯಕರ್ತೆಯಿಂದ ಕಲಿತೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ನಮ್ಮ ಬಾವಿಯ ಅಗಲ ಎರಡು ಮೀಟರ್. ಮೂರು ಮೀಟರ್ ನೀರು ಇದ್ದರೆ ಸುಮಾರು 9400 ಲೀಟರ್, ಅಂದರೆ 24 ಗ್ರಾಂ ಪುಡಿ. ಸುಮ್ನೆ ಮೇಲಿಂದ ಎರಚಿದರೆ ಪ್ರಯೋಜನ ಇಲ್ಲ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ನೀರು ತುಂಬಿಸಿ, ಸುಣ್ಣ ಅಡಿಯಲ್ಲಿ ಕೂರುವವರೆಗೆ ಕಾದು, ಮೇಲಿನ ತಿಳಿಯನ್ನು ಮಾತ್ರ ಬಿಂದಿಗೆಗೆ ಸುರಿದು, ಬಿಂದಿಗೆಯನ್ನು ಬಾವಿಯ ಒಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ಆ ಹೆಣ್ಣುಮಗಳು ಒಮ್ಮೆ ಮಾಡಿ ತೋರಿಸಿದಳು. ಅವತ್ತಿನಿಂದ ನಮ್ಮ ಮಾವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಪ್ಪಿಸಿಲ್ಲ.

ಇಲ್ಲಿ ನನ್ನ ಒಂದು ನೋವನ್ನೂ ಹೇಳಲೇಬೇಕು. ತೋಟದ ಕಣಿಯಲ್ಲಿ, ಅಂದರೆ ನೀರು ಹರಿಯುವ ಕಾಲುವೆಯಲ್ಲಿ, ಕೆಲಸ ಮಾಡುವವರಿಗೆ ಇಲಿಜ್ವರದ ಭಯ. ಇಲಿಯ ಉಚ್ಚೆ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಅದಕ್ಕೆ ಮುಂಜಾಗ್ರತೆಯಾಗಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಒಂದು ವರ್ಷ ನಮ್ಮತ್ತೆಗೂ ಕೊಟ್ಟರು, ಜೊತೆಗೆ ಒಂದು ಕರಪತ್ರ. ಕರಪತ್ರ ಮಲಯಾಳದಲ್ಲಿತ್ತು. ಅತ್ತೆ ಓದಿದ್ದು ಕನ್ನಡ ಶಾಲೆಯಲ್ಲಿ, ಮನೆಯಲ್ಲಿ ಆಡುವುದು ತುಳು, ಕನ್ನಡ. ಅವರು ದಿನಾ ನುಂಗುವ ಮಾತ್ರೆ ಅಂದುಕೊಂಡು ಖಾಲಿ ಹೊಟ್ಟೆಯಲ್ಲಿ ಮೂರು ದಿನ ನುಂಗಿದರು. ಹೊಟ್ಟೆ ಉರಿದು ಒದ್ದಾಡಿಬಿಟ್ಟರು. ಆಶಾ ಕಾರ್ಯಕರ್ತೆ ಬಂದು ತುಳುವಿನಲ್ಲಿ ಎರಡು ಮಾತು ಹೇಳಿದ ಮೇಲೆ ಎಲ್ಲ ಸರಿಯಾಯಿತು. ಗಡಿಯ ಊರಿನಲ್ಲಿ ಆರೋಗ್ಯದ ಮಾತು ಜನರ ಭಾಷೆಯಲ್ಲಿ ಬರಬೇಕು ಅನ್ನುವುದು ಭಾಷೆಯ ಜಗಳ ಅಲ್ಲ. ಮಾತ್ರೆ ಸರಿಯಾಗಿ ಹೊಟ್ಟೆಗೆ ಹೋಗಬೇಕಲ್ವಾ?

ಸೊಳ್ಳೆಯ ವಿಷಯಕ್ಕೆ ಬರುತ್ತೇನೆ. ಡೆಂಗಿ ಸೊಳ್ಳೆ ಎರಡೂ ಊರಲ್ಲಿದೆ. ಆದರೆ ಕಾರಣ ತೀರಾ ಬೇರೆ. ಕಾಸರಗೋಡಿನಲ್ಲಿ ನೀರು ಜಾಸ್ತಿಯಾಗಿ ಸೊಳ್ಳೆ. ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪಿನಲ್ಲಿ, ಅಂಗಳದ ಮೂಲೆಯ ಗೆರಟೆಯಲ್ಲಿ ಮಳೆನೀರು ನಿಲ್ಲುತ್ತದೆ. ನಮ್ಮೂರಲ್ಲಿ ನೀರಿಲ್ಲದ್ದಕ್ಕೇ ಸೊಳ್ಳೆ. ನಲ್ಲಿಯಲ್ಲಿ ನೀರು ನಾಲ್ಕು ದಿನಕ್ಕೋ ಆರು ದಿನಕ್ಕೋ ಒಮ್ಮೆ ಬಂದರೆ ಜನ ಏನು ಮಾಡಬೇಕು? ಡ್ರಮ್ಮು, ಗುಡಾಣ, ತೊಟ್ಟಿ ಎಲ್ಲ ತುಂಬಿಸಿಡುತ್ತಾರೆ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಸಾಕು. ಅದಕ್ಕೇ ಇಲ್ಲಿ ವಾರಕ್ಕೊಮ್ಮೆ 'ಡ್ರೈ ಡೇ' ಮಾಡಿ ಅಂತಾರೆ. ನಿಂತ ನೀರನ್ನೆಲ್ಲ ಮಗುಚಿ ಹಾಕುವ ದಿನ. ಹಾಳೆ ಮಗುಚಲು ನನ್ನ ಮಗಳೇ ಓಡುತ್ತಾಳೆ. ಇದೇ ಮಾತನ್ನು ನಮ್ಮತ್ತಿಗೆಗೆ ಹೇಗೆ ಹೇಳಲಿ? ಆರು ದಿನದ ನೀರನ್ನು ಚೆಲ್ಲು ಅನ್ನಲು ಯಾರಿಗೆ ಬಾಯಿ ಬರುತ್ತದೆ? ಅಲ್ಲಿ ಹೇಳಬೇಕಾದ್ದು ಬೇರೆ. ಡ್ರಮ್ಮಿನ ಬಾಯಿಗೆ ಹಳೆ ಸೀರೆಯ ಬಟ್ಟೆ ಬಿಗಿಯಾಗಿ ಕಟ್ಟು, ಖಾಲಿಯಾದಾಗ ಒಳಗೋಡೆಯನ್ನು ತಿಕ್ಕಿ ತೊಳೆ. ಮೊಟ್ಟೆ ಗೋಡೆಗೆ ಅಂಟಿರುತ್ತದೆ.

ಮನೆ ಕಟ್ಟುವ ರೀತಿಯೂ ಹಾಗೇ. ನಾನು ಹುಟ್ಟಿದ್ದು ಮಣ್ಣಿನ ಚಾವಣಿಯ ಮಾಳಿಗೆ ಮನೆಯಲ್ಲಿ. ಮೂರು ಅಂಕಣದ ಮನೆ, ಒಂದು ಅಂಕಣ ದನಕ್ಕೆ. ಕಳ್ಳರ ಭಯ, ಚಿರತೆ ಭಯ ಇದ್ದ ಕಾಲದಲ್ಲಿ ಅದು ಬುದ್ಧಿವಂತರ ಏರ್ಪಾಟು. ಬೇಸಿಗೆಯಲ್ಲಿ ಆ ಮಣ್ಣಿನ ಮಾಳಿಗೆಯಷ್ಟು ತಂಪು ಯಾವ ಆರ್‌ಸಿಸಿ ಮನೆಯೂ ಕೊಡುವುದಿಲ್ಲ. ಆದರೆ ಬೆಳಕು, ಗಾಳಿ ಎಲ್ಲ ಒಂದು ಗವಾಕ್ಷಿಯಿಂದ. ಹೊಗೆ ಹೋಗಬೇಕಾದ್ದೂ ಅಲ್ಲಿಂದಲೇ. ನಮ್ಮಜ್ಜಿ ಊದುಗೊಳವೆ ಹಿಡಿದು ಒಲೆ ಊದುತ್ತಿದ್ದ ಚಿತ್ರ ಈಗಲೂ ಕಣ್ಣಲ್ಲಿದೆ. ಒಂದು ಸಲ ಊದುವುದು, ಸೆರಗಿನಲ್ಲಿ ಕಣ್ಣೊರೆಸುವುದು, ಎರಡು ಸಲ ಕೆಮ್ಮುವುದು, ಮತ್ತೆ ಊದುವುದು. ಆಕೆ ಒಂದು ಬೀಡಿ ಸೇದಿದವಳಲ್ಲ. ಉಸಿರಾಟದ ತೊಂದರೆಯಿಂದಲೇ ಹೋದಳು. 2016ರಿಂದ ಉಜ್ವಲ ಯೋಜನೆಯ ಸಿಲಿಂಡರು ಮನೆಮನೆಗೆ ಬಂತು, ಒಳ್ಳೆಯದಾಯಿತು. ಆದರೆ ನಮ್ಮ ಬೀದಿಯಲ್ಲಿ ಅದು ಚಹಾಕ್ಕೆ, ನೆಂಟರು ಬಂದಾಗಿನ ಉಪ್ಪಿಟ್ಟಿಗೆ. ಮುದ್ದೆಗೆ, ಸ್ನಾನದ ನೀರಿಗೆ ಇನ್ನೂ ಸೌದೆಯೇ. ಮತ್ತೊಂದು ಸಿಲಿಂಡರ್ ತುಂಬಿಸುವ ದುಡ್ಡಿನ ಮಾತು ಅದು, ಹಟದ ಮಾತಲ್ಲ.

ಕಾಸರಗೋಡಿನ ತೋಟದ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟಕ್ಕೊಂದು ಮನೆ. ಹಟ್ಟಿ ದೂರ, ಬಚ್ಚಲು ಹೊರಗೆ. ಒಬ್ಬರ ಮನೆಯ ಹೊಗೆ ಇನ್ನೊಬ್ಬರಿಗೆ ತಾಗುವುದಿಲ್ಲ. ಆದರೆ ಬಚ್ಚಲ ಹಂಡೆಯ ಒಲೆಗೆ ಪ್ಲಾಸ್ಟಿಕ್ ತೊಟ್ಟೆ ಹಾಕಿ ಬೆಂಕಿ ಹಿಡಿಸುವ ಕೆಟ್ಟ ಚಾಳಿ ಇಲ್ಲೂ ಇತ್ತು, ನಮ್ಮ ಮನೆಯಲ್ಲೂ. ಆ ಹೊಗೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅದು ನಿಂತದ್ದು ಭಾಷಣದಿಂದಲ್ಲ. ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬಂದು, ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ಒಯ್ಯಲು ಶುರು ಮಾಡಿದ ಮೇಲೆ ನಿಂತಿತು. ಐವತ್ತು ರೂಪಾಯಿ ಕೊಡಬೇಕು. ಮೊದಲು ನಮ್ಮ ಮಾವ ಗೊಣಗಿದರು. ಈಗ ಅವರೇ ಹಾಲಿನ ತೊಟ್ಟೆ ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಾರೆ. ಎಪ್ಪತ್ತು ದಾಟಿದವರ ಅಭ್ಯಾಸವೂ ಬದಲಾಗುತ್ತದೆ. ಬಾಗಿಲಿಗೆ ಬರುವ ಒಂದು ಜನ ಬೇಕು.

ಇಷ್ಟು ಬರೆದು ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಬಗ್ಗೆ ಬರೆಯದಿದ್ದರೆ ನಾನಿರುವ ಪಂಚಾಯತಿಗೇ ಮೋಸ ಮಾಡಿದಂತೆ. ಪೆರ್ಲ, ಪಡ್ರೆ, ಸ್ವರ್ಗ, ವಾಣಿನಗರ ಎಲ್ಲವೂ ಎಣ್ಮಕಜೆ ಪಂಚಾಯತಿನವೇ. ಇಲ್ಲಿಯ ಗುಡ್ಡಗಳ ಮೇಲೆ ಸರ್ಕಾರಿ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಆ ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದರು. ಬಾವಿ ಮುಚ್ಚಿಡಿ ಅಂತ ಜನರಿಗೆ ಹೇಳುತ್ತಿದ್ದರಂತೆ. ಬಾವಿ ಮುಚ್ಚಬಹುದು. ಸುರಂಗದಿಂದ ತೆರೆದ ಕಣಿಯಲ್ಲಿ ಹರಿದು ಬರುವ ನೀರನ್ನು, ತೋಡನ್ನು, ಅಂಗಳವನ್ನು, ದನ ಮೇಯುವ ಹುಲ್ಲನ್ನು ಯಾರು ಮುಚ್ಚುತ್ತಾರೆ? ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳನ್ನು ನೋಡಿ ಒಂದೇ ಜಾಗದಲ್ಲಿ ಇಷ್ಟು ಕಾಯಿಲೆ ಯಾಕೆ ಅಂತ ಕೇಳಲು ಶುರು ಮಾಡಿದರು. ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ ಬರೆದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿತು. ಗಡಿಯಾಚೆ ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆಯಲ್ಲೂ ಇದೇ ಕತೆ. ಗೇರು ತೋಟಕ್ಕೆ ರಾಜ್ಯದ ಗೆರೆ ಗೊತ್ತಿಲ್ಲ.

ಬ್ಯಾಂಕಿಗೆ ಬರುತ್ತಿದ್ದ ಒಬ್ಬ ತಾಯಿ ನನಗೆ ಮರೆಯುವುದಿಲ್ಲ. ಪಿಂಚಣಿ ಹಣಕ್ಕೆ ಬರುತ್ತಿದ್ದರು. ಮಗ ಇಪ್ಪತ್ತು ದಾಟಿದವನು, ಎತ್ತಿಯೇ ಸ್ನಾನ ಮಾಡಿಸಬೇಕು. ಕೌಂಟರಿನಲ್ಲಿ ನಿಂತಷ್ಟು ಹೊತ್ತೂ ಅವರ ಕಣ್ಣು ಗಡಿಯಾರದ ಮೇಲೆ. ಮನೆಯಲ್ಲಿ ಅವನ ಬಳಿ ಬೇರೆ ಯಾರೂ ಇಲ್ಲ. ಆ ಮನೆಯಲ್ಲಿ ನೀರು ಕುದಿಸಿಯೇ ಕುಡಿಯುತ್ತಿದ್ದರು. ಅಂಗಳ ದಿನಾ ಗುಡಿಸುತ್ತಿದ್ದರು. ಕುದಿಸಿದರೆ ಹೋಗುವಂಥ ವಿಷ ಅದಾಗಿರಲಿಲ್ಲ. ಆರೋಗ್ಯ ನಮ್ಮ ಕೈಯಲ್ಲೇ ಇದೆ ಅಂತ ಯಾರಾದರೂ ವೇದಿಕೆ ಮೇಲೆ ಹೇಳಿದಾಗ ನನಗೆ ಆ ತಾಯಿಯೇ ನೆನಪಾಗುತ್ತಾರೆ.

ನಮ್ಮ ಕೈಯಲ್ಲಿ ಇರುವುದೂ ಇದೆ, ಇಲ್ಲ ಅನ್ನುವುದಿಲ್ಲ. ನನಗೆ ನಲವತ್ತಾರಕ್ಕೆ ಸಕ್ಕರೆ ಕಾಯಿಲೆ ಬಂತು. ಹುಡುಗನಾಗಿದ್ದಾಗ ಹೊಲಕ್ಕೆ ಹೋಗಿಬರಲು ಐದಾರು ಕಿಲೋಮೀಟರ್ ನಡೆಯುತ್ತಿದ್ದೆ. ಒಂದು ಹೊತ್ತು ಮುದ್ದೆ, ಹುರುಳಿ ಸಾರು. ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆ ಅಕ್ಕಿಯ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ನಡುವೆ ಮೂರು ಸಿಹಿ ಚಹಾ, ಸಂಜೆ ಬೇಕರಿ ತಿಂಡಿ. ಮನೆಯಿಂದ ಬ್ಯಾಂಕಿಗೆ ಸ್ಕೂಟರು. ಅಕ್ಕಿಯನ್ನು ಬೈಯುತ್ತಿಲ್ಲ. ಇಲ್ಲಿಯವರು ಕುಚ್ಚಲಕ್ಕಿ ಗಂಜಿ ಉಂಡು ತೋಟದಲ್ಲಿ ದಿನವಿಡೀ ದುಡಿದವರು, ಅವರಿಗೆ ಅದು ಸರಿಯಾಗಿತ್ತು. ನಾನು ಅವರ ಊಟ ಮಾತ್ರ ಹಿಡಿದುಕೊಂಡೆ, ದುಡಿಮೆ ಹಿಡಿಯಲಿಲ್ಲ. ಊರಲ್ಲಿ ಅಣ್ಣನ ಮನೆಯಲ್ಲೂ ಈಗ ಮುದ್ದೆ ಕಡಿಮೆ, ಅನ್ನ ಜಾಸ್ತಿ. 2013ರಲ್ಲಿ ಅನ್ನಭಾಗ್ಯ ಬಂದಾಗ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಹೊಟ್ಟೆ ತುಂಬಿತು. ಅದನ್ನು ಹಗುರವಾಗಿ ಆಡುವ ಹಕ್ಕು ನನಗಿಲ್ಲ. ಆದರೆ ಅಕ್ಕಿಯ ಜೊತೆ ರಾಗಿ ಎಲ್ಲ ತಿಂಗಳೂ ಸಿಗುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಎಲೆಯಡಿಕೆ ಬಗ್ಗೆ ಅಡಿಕೆ ತೋಟದ ಮನೆಯಲ್ಲಿ ಕೂತು ಬರೆಯುವುದು ಕಷ್ಟ. ಆದರೂ ಬರೆಯುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಹೊಗೆಸೊಪ್ಪು ಸೇರಿದರಂತೂ ಕೇಳುವುದೇ ಬೇಡ. ಮಾವ ಹೊಗೆಸೊಪ್ಪು ಬಿಟ್ಟು ನಾಲ್ಕು ವರ್ಷ ಆಯಿತು. ಎಲೆಯಡಿಕೆ ಬಿಟ್ಟಿಲ್ಲ. ನಾನು ಅವರಲ್ಲಿ ಒಂದೇ ಮಾತು ಕೇಳಿದ್ದೇನೆ, ಬಾಯಿಯೊಳಗೆ ಬಿಳಿ ಕಲೆಯೋ, ಮಾಯದ ಹುಣ್ಣೋ ಕಂಡರೆ, ಬಾಯಿ ಮೊದಲಿನಷ್ಟು ಅಗಲ ತೆರೆಯದಿದ್ದರೆ ಅದೇ ದಿನ ಹೇಳಿ ಅಂತ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ನೀರಿನ ಘಟಕ ಕೆಟ್ಟು ಇಪ್ಪತ್ತು ದಿನ ಆಗಿದೆಯಂತೆ. ಎಲ್ಲರೂ ಮತ್ತೆ ಬೋರ್ ನೀರಿಗೆ ಬಂದಿದ್ದಾರೆ. ನಾನು ಈ ಸಲ ಕುದಿಸಿ ಅನ್ನಲಿಲ್ಲ. ಚಾವಣಿ ಎಷ್ಟು ಅಗಲ ಅಂತ ಕೇಳಿದೆ. ಅವನದು ಈಗ ಆರ್‌ಸಿಸಿ ಮನೆ, ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ. ನಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂತ ಹಿಡಿದರೂ ಆ ಚಾವಣಿಯ ಮೇಲೆ 30,000 ಲೀಟರ್ ಬೀಳುತ್ತದೆ. ಐದು ಜನಕ್ಕೆ ಕುಡಿಯಲು, ಬೇಯಿಸಲು ದಿನಕ್ಕೆ 20 ಲೀಟರ್ ಅಂದರೆ ವರ್ಷಕ್ಕೆ 7,300. ಮಳೆನೀರಿನಲ್ಲಿ ಫ್ಲೋರೈಡ್ ಇರುವುದಿಲ್ಲ. ಎಂಟು ಸಾವಿರ ಲೀಟರಿನ ಒಂದು ತೊಟ್ಟಿ, ಮೊದಲ ಮಳೆಯ ಕೊಳೆ ಹೊರಗೆ ಹೋಗಲು ಒಂದು ಬೇರೆ ಪೈಪು, ಮರಳು, ಜಲ್ಲಿ, ಇದ್ದಿಲಿನ ಒಂದು ಸೋಸುವ ಡ್ರಮ್ಮು, ಸೊಳ್ಳೆ ಹೋಗದಂತೆ ಮುಚ್ಚಳ. ಕುಡಿಯುವ ಒಂದು ಕೊಡವನ್ನು ಮಾತ್ರ ಕುದಿಸಿದರೆ ಸಾಕು. ಅಷ್ಟಕ್ಕೆ ಅತ್ತಿಗೆಯ ಸೌದೆ ಸಾಲುತ್ತದೆ. ಅರ್ಧ ಖರ್ಚು ನನ್ನದು ಅಂದೆ. ಅಣ್ಣ ಎರಡು ಸಲ ಲೆಕ್ಕ ಹೇಳಿಸಿಕೊಂಡ. ನಮ್ಮಲ್ಲಿ ದೊಡ್ಡ ಮಳೆ ಶ್ರಾವಣದ ನಂತರವೇ, ಅಷ್ಟರೊಳಗೆ ಕಟ್ಟೋಣ ಅಂದ.

ಅವ್ವ ಅವನ ಕೈಯಿಂದ ಫೋನ್ ಇಸ್ಕೊಂಡಳು. "ಮಳೆ ನೀರಾ? ಮಾಡ್ಸಪ್ಪ. ನಾನು ಮದುವೆಯಾಗಿ ಬಂದಾಗ ಕೆರೆ ನೀರಲ್ಲಿ ತೊಗರಿಬೇಳೆ ಎರಡು ಕುದಿಗೇ ಬೇಯ್ತಿತ್ತು. ಈ ಬೋರ್ ನೀರಲ್ಲಿ ಎಷ್ಟು ಹೊತ್ತು ಉರಿ ಹಾಕಿದ್ರೂ ಕರಗಲ್ಲ" ಅಂದಳು.